ಮೂಲೆ ಹರಿದ ಕಾರ್ಡು

ಈ ಕಥೆ ನಮಗೆ ಮೊದಲು ಹೇಳಿದವನು ಯಂಕಂಚಿಯ ದರ್ಜಿ ಮಲಿಕಸಾಬ. 1967ರ ಮಾಘಮಾಸ. ಹೊನ್ನವ್ವನ ಮನೆಯ ಶೇಂಗಾ ಒಡೆಯಲಿಕ್ಕೆ ನಾವು ಏಳೆಂಟು ಮಂದಿ ಅವನ ಅಂಗಡಿ ಮುಂದಿನ ಕಟ್ಟೆ ಮೇಲೆ ಕೂತಿದ್ದೆವು. ಮಂದಿಯ ಬಾಯಿ ಖಾಲಿ ಇದ್ದರೆ ಕಾಳು ಅಲ್ಲೇ ಹೋಗುತ್ತವೆ ಎಂದು ಹೊನ್ನವ್ವನಿಗೆ ದಿಗಿಲು. "ಏನರ ಹೇಳೋ ಮಲಕ್ಯಾ, ಇವರೆಲ್ಲಾ ಬಾಯಿ ತಕ್ಕೊಂಡು ಕೇಳಲಿ" ಅಂದಳು. "ಬಾಯಿ ತಗದ್ರ ಇನ್ನೂ ಹೆಚ್ಚು ತಿಂತಾರ" ಅಂದ ಮಲಿಕಸಾಬ. ಆದರೂ ಮಶೀನಿನ ಡ್ರಾವರು ಎಳೆದು ಒಂದು ಕಾಗದದ ಕಟ್ಟು ತೆಗೆದ. "ನಾ ಹೇಳಿದ್ರ ಮಸಾಲಿ ಹಚ್ಚಿದೆ ಅಂತೀರಿ. ಕಾಗದಾನ ಓದ್ತೇನಿ, ಕೇಳ್ರಿ."

ಅವು ಅವನ ಮತ್ತು ಅವನ ಗೆಳೆಯ ಭೀಮಶ್ಯಾನ ನಡುವಿನ ಕಾಗದಗಳು; ಮಲಿಕಸಾಬ ಬರೆದವನ್ನೂ ಭೀಮಶ್ಯಾ ಆಮೇಲೆ ತಂದು ಅವನಿಗೇ ಕೊಟ್ಟಿದ್ದ. ಇಬ್ಬರೂ ಕೂಡಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದವರು. ಮಲಿಕಸಾಬ ಅಲ್ಲಿಗೇ ನಿಂತು ಅಪ್ಪನ ಮಶೀನಿಗೆ ಕೂತ. ಭೀಮಶ್ಯಾ ವಿಧವೆ ಹನಮವ್ವನ ಒಬ್ಬನೇ ಮಗ, ನಮ್ಮೂರಿನಿಂದ ಎಂ.ಎ. ಮಾಡಿದ ಮೊದಲನೆಯವನು. ಹನಮವ್ವನಿಗೆ ಓದು ಬಾರದು. ಮಗನ ಕಾಗದ ಓದಿ ಹೇಳುವ ಕೆಲಸ ಮಲಿಕಸಾಬನದು. ಅವನು ಓದಿದ ಹಾಗೆಯೇ ಇಲ್ಲಿ ಕೊಡುತ್ತೇನೆ.

*

ಇಂಡಿ
24 ಜೂನ್ 1961

ಮಲಿಕ,

ಎಂ.ಎ. ಪಾಸಾದೆ. ಇತಿಹಾಸ, ಎರಡನೇ ದರ್ಜೆ. ಧಾರವಾಡದಲ್ಲಿ ಬೋರ್ಡಿಗೆ ಹಚ್ಚಿದ ಹೆಸರನ್ನು ಕೈಯಿಂದ ಮುಟ್ಟಿ ನೋಡಿ ಬಂದೆ. ಹಾಸ್ಟೆಲು ಬಿಟ್ಟಾಯಿತು. ಇಂಡಿಯ ಒಂದು ಹೈಸ್ಕೂಲಿನಲ್ಲಿ ಜಾಗ ಇದೆ ಎಂದು ಕೇಳಿ ಇತ್ತ ಬಂದಿದ್ದೇನೆ. ಅವ್ವನಿಗೆ ಹೇಳು: ಮಗ ಆರಾಮ ಇದ್ದಾನೆ, ನೌಕರಿ ಕೈಯಲ್ಲಿ ಹಿಡಿದೇ ಊರ ಬಸ್ಸು ಹತ್ತುತ್ತಾನೆ.

ಇಲ್ಲಿ ಒಂದು ಗೆರೆ ಎಳೆದಿದ್ದೇನೆ. ಮೇಲಿನದು ಅವ್ವನಿಗೆ, ಕೆಳಗಿನದು ನಿನಗೆ ಮಾತ್ರ. ನೀನು ಕಟ್ಟೆ ಮೇಲೆ ಕೂತು ಓದುತ್ತೀ, ಅರ್ಧ ಊರು ಕೇಳುತ್ತದೆ.

ಇಲ್ಲಿಯ ಚೇರಮನ್ನರು ಕೇಳಿದ ಮೊದಲನೇ ಪ್ರಶ್ನೆ: "ಯಂಕಂಚಿ ಅಂದ್ರಿ. ಯಾವ ಓಣಿ?" ಹೇಳಿದೆ. ಆಮೇಲೆ ಡಿಗ್ರಿ ಕೇಳಿದರು. "ಎಂ.ಎ. ಅಂದ್ರ ನಮ್ಮ ಹೆಡ್‌ಮಾಸ್ತರಕಿಂತ ಹೆಚ್ಚು ಕಲತಂಗಾತು. ಅವರು ನಿಮಗ ಹೆಂಗ ಹುಕುಂ ಮಾಡ್ತಾರ? ಮಾಸ್ತರಕಿ ಟ್ರೇನಿಂಗು, ಬಿ.ಟಿ. ಆಗೇತೇನು?" ಇಲ್ಲ ಅಂದೆ. "ಹಂಗಾರ ಕಡಿಮಿನೂ ಕಲತೀರಿ" ಅಂದರು. ನಿಂತುಕೊಂಡೇ ಕೇಳಿದೆ, ನಿಂತುಕೊಂಡೇ ಹೊರಗೆ ಬಂದೆ.

ನಾಳೆ ಸಿಂದಗಿಗೆ ಹೋಗುತ್ತೇನೆ. ಊರು ಅಲ್ಲಿಂದ ಹತ್ತಿರ, ಆದರೆ ಬರುವುದಿಲ್ಲ. ತಿಳಿದುಕೋ.

ನಿನ್ನ
ಭೀಮಶ್ಯಾ

*

ಯಂಕಂಚಿ
1 ಜುಲೈ 1961

ದೋಸ್ತ ಭೀಮಶ್ಯಾಗ ಮಲಿಕಸಾಬ ಮಾಡೂ ಸಲಾಮ.

ಗೆರಿ ಮ್ಯಾಲಿಂದು ಓದಿ ಕಾಗದ ಮಡಚೂದರಾಗ ನಿಮ್ಮವ್ವ ನನ್ನ ಕೈ ಹಿಡದ್ಲು. "ಇಷ್ಟುದ್ದ ಕಾಗದಕ್ಕ ಇಷ್ಟ ಮಾತೇನೋ? ಉಳದದ್ದರಾಗ ನನ್ನ ಮಗ ಏನ್ ಜ್ವಾಳಾ ಬಿತ್ತ್ಯಾನೇನು?"

"ಅದು ಇಂಗ್ಲೀಷ ಐತಿ ದೊಡ್ಡವ್ವ" ಅಂದೆ.

"ಅದನ್ನ ಕನ್ನಡದಾಗ ಹೇಳು."

ಸಿಕ್ಕಿಬಿದ್ದೆ ನೋಡಪಾ. ಬಾಯಿಗೆ ಬಂದದ್ದು ಹೇಳಿದೆ. ಇಂಡಿ ಚೇರಮನ್‌ರು ಭೀಮಶ್ಯಾಗ ಕುರ್ಚಿ ಹಾಕಿ ಕುಂದ್ರಿಸಿ ಚಾ ಕುಡಿಸ್ಯಾರ, ಮೆಚ್ಚ್ಯಾರ, ಅಂತ. ಆಕಿ ಮಾರಿ ನೋಡಬೇಕಿತ್ತು ನೀ. ಆದ್ರ ಸಂಜಿ ಅನ್ನೂದರಾಗ ಆ ಕುರ್ಚಿ ಓಣಿತುಂಬ ಅಡ್ಡಾಡಿ ನೌಕರಿ ಆಗಿತ್ತು. ಹೊನ್ನವ್ವ ಬಂದು, "ಭೀಮ್ಯಾ ಕುರ್ಚಿ ಮ್ಯಾಲ ಕುಂತಾನಂತಲ್ಲ, ಊರಿಗಿ ಬರಾಗ ಮೋಟಾರದಾಗ ಬರ್ತಾನೋ ಏನ್ ನಮ್ಮಂಗ ನಡಕೋತ ಬರ್ತಾನೋ?" ಅಂತ ಕೇಳಿದ್ಲು.

ಲಗೂನ ಒಂದು ಕೆಲಸಾ ಹಿಡಿಯಪಾ. ಈ ಕುರ್ಚಿ ನಾ ಎಷ್ಟ ದಿನಾ ಹೊತ್ಕೊಂಡು ನಿಂದರಲಿ?

ಮಲಿಕಸಾಬ

*

ಮುದ್ದೇಬಿಹಾಳ
19 ಜುಲೈ 1961

ಮಲಿಕ,

ಅವ್ವನಿಗೆ: ಮಗ ಮುದ್ದೇಬಿಹಾಳದಲ್ಲಿದ್ದಾನೆ. ಸೋಮನಿಂಗ ಎಂಬುವರ ಖಾನಾವಳಿಯಲ್ಲಿ ಊಟ, ಅಲ್ಲೇ ಪಡಸಾಲೆಯಲ್ಲಿ ನಿದ್ದೆ. ಮೈಯಲ್ಲಿ ಆರಾಮ.

ಗೆರೆ.

ಸಿಂದಗಿಯಲ್ಲೂ ಆಗಲಿಲ್ಲ. ಅಲ್ಲಿ ಜಾಗ ಇದ್ದದ್ದು ನಿಜ, ಆದರೆ ಅದಕ್ಕೆ ಅಲ್ಲಿಯ ಚೇರಮನ್ನರ ಅಳಿಯ ಮೊದಲೇ ಗೊತ್ತಾಗಿದ್ದ. ಈಗ ನಾನು ಏನು ಮಾಡುತ್ತಿದ್ದೇನೆ, ಹೇಳಲೇ? ಮಾಮಲೇದಾರ ಕಚೇರಿ ಮುಂದೆ ಬೇವಿನ ಮರದ ಕೆಳಗೆ ಗೋಣಿ ಹಾಸಿ ಕೂತು ಮಂದಿಗೆ ಅರ್ಜಿ ಬರೆದುಕೊಡುತ್ತೇನೆ. ಹೊಲದ ಬದುವಿನ ಜಗಳ, ಜಮೀನಿನ ಉತಾರ ಸಿಗದ ಗೋಳು. ನಾನು ಬರೆದ ಅರ್ಜಿಗಳಿಗೆ ಸಾಹೇಬರು ತಕ್ಷಣ ಹುಕುಂ ಮಾಡುತ್ತಾರಂತೆ. ಕೈಗುಣ ಒಳ್ಳೆಯದು ಎಂದು ಹೆಸರಾಗಿದೆ. ನನ್ನ ಸ್ವಂತದ ಅರ್ಜಿಗೆ ಮಾತ್ರ ಯಾರೂ ಉತ್ತರ ಕೊಡುತ್ತಿಲ್ಲ. ಇದು ಅವ್ವನಿಗೆ ಗೊತ್ತಾಗಬಾರದು. ಮೂರು ಮನೆಯ ಕಸಮುಸುರೆ ಮಾಡಿ ಓದಿಸಿದ್ದು ಗೋಣಿ ಮೇಲೆ ಕೂಡಲಿಕ್ಕಲ್ಲ.

ಈಗ ಕೆಲಸದ ಮಾತು. ಬಸವನ ಬಾಗೇವಾಡಿ ತಾಲೂಕಿನಲ್ಲಿ, ಮನಗೂಳಿಯ ಆಚೆ ಒಂದು ಹಳ್ಳಿಯಲ್ಲಿ ಹೊಸ ಹೈಸ್ಕೂಲು ತೆರೆದಿದ್ದಾರೆ. ಇತಿಹಾಸದ ಮಾಸ್ತರರು ಬಿಟ್ಟು ಹೋಗಿದ್ದಾರೆ. ಅರ್ಜಿ ಹಾಕಿದ್ದೇನೆ. ವಿಳಾಸ ಊರಿನದು ಕೊಟ್ಟೆ. ಕಚೇರಿ ಮುಂದಿನ ಬೇವಿನ ಮರ ಎಂದು ಹೇಗೆ ಬರೆಯಲಿ? ಕರೆಯುವ ಕಾರ್ಡು ನಿಮ್ಮಲ್ಲಿಗೆ ಬರುತ್ತದೆ. ಬಂದ ದಿನವೇ ನನಗೆ ಕಳಿಸು. ಕೈಯಲ್ಲಿ ಕಾರ್ಡಿಲ್ಲದವರನ್ನು ಒಳಗೆ ಬಿಡುವುದಿಲ್ಲವಂತೆ. ಇದು ತಪ್ಪಿದರೆ ಈ ವರ್ಷ ಮತ್ತೆಲ್ಲೂ ಜಾಗ ಇಲ್ಲ.

ಭೀಮಶ್ಯಾ

*

ಯಂಕಂಚಿ
28 ಜುಲೈ 1961

ಭೀಮಶ್ಯಾ,

ನನ್ನ ಆಟ ಮುಗೀತು. ನಿಮ್ಮವ್ವ ಸಿಂದಗಿ ಸುದ್ದಿ ಕೇಳಿದ್ಲು, ಅಲ್ಲೂ ಕುರ್ಚಿ ಹಾಕಿದ್ರು, ಚಾ ಕುಡಿಸಿದ್ರು ಅಂದೆ. ಹೊಸಾದು ಹೊಳೀಲಿಲ್ಲ, ಏನ್ಮಾಡ್ಲಿ? ಆಕಿ ನನ್ನ ಮಾರಿ ನೋಡಿದ್ಲು. "ಇಂಡ್ಯಾಗೂ ಕುರ್ಚಿ, ಸಿಂದಗ್ಯಾಗೂ ಕುರ್ಚಿ. ನನ್ನ ಮಗನ್ನ ಯಾರೂ ನಿಂದ್ರಿಸೂದ ಇಲ್ಲೇನೋ? ಕಾಗದ ಒಂದು ಹೇಳ್ತೈತಿ, ನಿನ್ನ ಬಾಯಿ ಒಂದು ಹೇಳ್ತೈತಿ. ಇನ್ನ ನಿನ್ನ ಬಾಯಾಗಿಂದು ನಾ ನಂಬೂದಿಲ್ಲ ಮಲಕ್ಯಾ."

ಸಿಟ್ಟಿಲ್ಲದ ಹೇಳಿದ್ಲು. ಸಿಟ್ಟ ಮಾಡಿದ್ರ ಚೊಲೋ ಇತ್ತು.

ಕಾರ್ಡಿನ ಕಾಳಜಿ ಬಿಡು. ಟಪಾಲಿನ ಬಸಂತರಾಯಗ ಹೇಳಿ ಇಟ್ಟೇನಿ.

ಮಲಿಕಸಾಬ

*

ಮುದ್ದೇಬಿಹಾಳ
8 ಆಗಸ್ಟ್ 1961

ಮಲಿಕ,

ಆ ಹೈಸ್ಕೂಲಿನ ಕ್ಲಾರ್ಕು ಬಾಗೇವಾಡಿಯಲ್ಲಿ ಭೇಟಿಯಾಗಿದ್ದ. ಕಾರ್ಡುಗಳು ಹೋಗಿ ವಾರ ಆಯಿತಂತೆ. ತಾರೀಖು ಯಾವುದು ಎಂದರೆ, "ಕಾರ್ಡಿನ್ಯಾಗ ಬರದೇವಲ್ರಿ, ನೋಡ್ಕೋರಿ" ಎಂದು ಸೈಕಲ್ಲು ಹತ್ತಿದ. ಇದೇ ತಿಂಗಳು ಎಂಬುದಷ್ಟೇ ಗೊತ್ತು.

ಬಂದಿದೆಯೇ? ಬಂದಿದ್ದರೆ ಎಲ್ಲಿದೆ? ಎರಡೇ ಮಾತು ಬರಿ, ಸಾಕು.

ಭೀಮಶ್ಯಾ

*

ಯಂಕಂಚಿ
12 ಆಗಸ್ಟ್ 1961

ಭೀಮಶ್ಯಾ,

ಖರೇ ಹೇಳ್ತೇನಿ, ಕಾರ್ಡ ಬಂದಿಲ್ಲ. ಬಸಂತರಾಯಗ ಥಂಡಿ ಜ್ವರ ಬಂದು ಮಲಗಿದ್ದ. ಅವನ ಬದ್ಲಿ ಸಿಂದಗಿಯಿಂದ ಯಾರೋ ಹೊಸಬ ಬಂದು ಟಪಾಲ ಹಂಚಿ ಹೋಗ್ಯಾನ. ಅವತ್ತ ನಾನೂ ದಾರ ತರಾಕ ಸಂತಿಗೆ ಹೋಗಿದ್ದೆ. ನಿಮ್ಮವ್ವನ್ನ ಕೇಳಿದೆ. "ಏನೂ ಬಂದಿಲ್ಲ" ಅಂತ ಒಳಗ ಹೋದ್ಲು.

ಆಕೀದ ನನಗ ಚಿಂತಿ ಹತ್ತೇತಿ. ಊಟಾ ಬಿಟ್ಟಾಳ. ಯಾರ ಕೂಡನೂ ಮಾತಿಲ್ಲ. ನಿನ್ನ ಕಾಗದ ಓದಿದ್ರ ಎಲ್ಲೋ ನೋಡ್ತಾಳ. ನಿನ್ನೆ ತಾನ ಬಂದು, "ಅವಗ ಬರಿ. ಸಿಂದಗಿ ಬಸ್ಸಿನ ಕಡೆ ಬಿಡಾಕ ಹೋದಾಗ ನಾ ಅವನ ಕಿವ್ಯಾಗ ಏನ್ ಹೇಳಿದೆ, ಅದನ್ನ ತಿರುಗಿ ಬರೀಲಿ" ಅಂದ್ಲು. ಯಾಕ ಅಂತ ಕೇಳಿದ್ರ, "ಅದು ನಿನಗ ಗೊತ್ತಿಲ್ಲ, ಅವಗಷ್ಟ ಗೊತ್ತೈತಿ" ಅಂತಾಳ. ಅದೇನಿದ್ರೂ ಬರದ ಕಳಸು, ಮರೀಬ್ಯಾಡ.

ಮಲಿಕಸಾಬ

*

ಮುದ್ದೇಬಿಹಾಳ
15 ಆಗಸ್ಟ್ 1961

ಮಲಿಕಸಾಬ,

ಇವತ್ತು ಝೆಂಡಾ ಹಾರಿಸಿ ಕಚೇರಿಗೆ ರಜೆ. ಅರ್ಜಿ ಇಲ್ಲ, ಹೊಟ್ಟೆಗೂ ಇಲ್ಲ. ಕೂತು ವಿಚಾರ ಮಾಡಿದೆ.

ಕ್ಲಾರ್ಕು ಕಳಿಸಿದ್ದೇನೆ ಅನ್ನುತ್ತಾನೆ. ನೀನು ಬಂದಿಲ್ಲ ಅನ್ನುತ್ತೀ. ಒಬ್ಬರು ಸುಳ್ಳು ಹೇಳುತ್ತಿದ್ದೀರಿ. ಅವನಿಗೆ ನನ್ನ ಮೇಲೆ ಯಾವ ಹಗೆ? ಮಶೀನಿನ ಮುಂದೆ ಕೂತು ಕೊಳೆತವನಿಗೆ, ಜೊತೆಗೆ ಕಲಿತವನು ಮಾಸ್ತರನಾದರೆ ಹೊಟ್ಟೆ ಉರಿಯಬಹುದು. ಕಾರ್ಡು ನಿನ್ನ ಕಿಸೆಯಲ್ಲಿದ್ದರೆ ತೆಗೆದು ನೋಡು. ಇಷ್ಟು ದಿನ ನನ್ನ ತಾಯಿಗೆ ಸುಳ್ಳು ಓದಿದವನು ನನಗೆ ನಿಜ ಬರೆಯುತ್ತೀ ಎಂದು ನಾನು ಹೇಗೆ ನಂಬಲಿ?

ಬಸ್ಸಿನ ಕಡೆಯ ಮಾತುಗಳನ್ನು ಬರೆಯುತ್ತ ಕೂಡಲು ನನಗೆ ಪುರಸೊತ್ತಿಲ್ಲ. ಇದು ಹುಡುಗಾಟಿಕೆಯ ಹೊತ್ತಲ್ಲ.

ಭೀಮಶ್ಯಾ, ಎಂ.ಎ.

*

ಯಂಕಂಚಿ
24 ಆಗಸ್ಟ್ 1961

ಭೀಮಶ್ಯಾ,

ಕಾರ್ಡ ತೊಗೊಂಡು ನಾವಿಬ್ರೂ ಮುದ್ದೇಬಿಹಾಳಕ್ಕ ಬಂದಾಗ ನೀ ಕೇಳಿದಿ, ಇದು ಎಲ್ಲಿ ಸಿಕ್ತು ಅಂತ. ನಿಮ್ಮವ್ವ ಎದುರಿಗಿದ್ಲು ಅಂತ ನಾ ಹೇಳಲಿಲ್ಲ. ಈಗ ಹೇಳ್ತೇನಿ.

ಪಂಚಮಿ ದಿನಾ ಓಣಿತುಂಬ ಜೋಕಾಲಿ, ಮನಿಮನಿಗೆ ಉಂಡಿ. ನಿಮ್ಮನ್ಯಾಗ ಒಲಿ ಹೊತ್ತಲಿಲ್ಲ. ಹೊನ್ನವ್ವ, "ಏನ ಹನಮವ್ವ, ಸೂತಕದ ಮನಿಯಂಗ ಕುಂತೀದಿ?" ಅಂದದ್ದಕ್ಕ ಬಾಗಲಾ ಹಾಕ್ಕೊಂಡ್ಲಂತ. ಎಲ್ಡ ದಿನಕ್ಕ ನಿನ್ನ ಕಾಗದ ಬಂತು. ಮನಸಿನ್ಯಾಗ ಓದಿಕೊಂಡೆ. ಮೈಯೆಲ್ಲಾ ಉರದ್ಹೋತು. ಅದ ಸಿಟ್ಟಿನ್ಯಾಗ ನಿಮ್ಮನಿಗೆ ನಡದೆ. "ನಿನ್ನ ಮಗ ಏನ್ ಬರದಾನ ಕೇಳು ದೊಡ್ಡವ್ವ" ಅಂತ ಒಂದಕ್ಷರ ಬಿಡದ ಓದಿದೆ. ಕೊಳೆತವ ಅಂದದ್ದು, ಹೊಟ್ಟಿಕಿಚ್ಚು ಅಂದದ್ದು, ಕಿಸೆ ನೋಡ್ಕೋ ಅಂದದ್ದು, ಎಲ್ಲಾ.

ಆಕಿ ಗ್ವಾಡಿ ಹಿಡಕೊಂಡು ಎದ್ಲು. "ಇನ್ನೊಮ್ಮೆ ಓದು" ಅಂದ್ಲು. ಓದಿದೆ. "ಬೈದದ್ದಷ್ಟ ಓದು." ಅದನ್ನೂ ಓದಿದೆ. ನೋಡಿದ್ರ ಅಳಾಕತ್ತಾಳ, ಅಳಕೋತ ನಗಾಕತ್ತಾಳ.

"ಇದು ನೀ ಕಟ್ಟಿ ಓದಿದ್ದಲ್ಲ ಮಲಕ್ಯಾ. ನಿನಗ ನೀನ ಇಷ್ಟು ಬೈಕೊಳ್ಳಾಂವಲ್ಲ ನೀ. ಇದು ನನ್ನ ಭೀಮ್ಯಾನ ಬಾಯಿ. ಅಂವ ಅದಾನ!"

"ಅದಾನಂದ್ರ? ಎಲ್ಲಿ ಹೋಗಿದ್ದ?"

ಒಳಗ ಹೋಗಿ ಜ್ವಾಳದ ಗಡಿಗ್ಯಾಗ ಮೊಳಕೈತನ ಕೈ ಹಾಕಿ ಒಂದು ಕಾರ್ಡ ತಗದ್ಲು. ತುದಿಬೆರಳಿಲೆ ಹಿಡಕೊಂಡು ಬಂದ್ಲು. "ಅಂವ ಬದಕಿದ್ರ, ಇದರಾಗ ಸತ್ತಾಂವ ಯಾರು, ನೋಡು."

ಕಾರ್ಡಿನ ಮೂಲಿ ಹರದಿತ್ತು. ಒಳಗೆಲ್ಲಾ ಇಂಗ್ಲೀಷು, ಕೂಡಿಸಿ ಕೂಡಿಸಿ ಓದಿದೆ: ಹೈಸ್ಕೂಲಿನವರು ನಿನ್ನ ಕರದ ಕಾರ್ಡ ಅದು. ಮೂಲಿ ಹರದ ಕಾರ್ಡ ಅಂದ್ರ ಸಾವಿನ ಸುದ್ದಿ ಅಂತ ಆಕಿಗೆ ಬ್ಯಾರೆ ಯಾರು ಹೇಳಬೇಕು? ನಿಮ್ಮಪ್ಪ ತೀರಿಕೊಂಡಾಗ ಅಂಥಾವ ಹಂಚಿದ್ದಿಲ್ಲೇನು? ಪರಊರಾಗ ಇದ್ದಾಂವ ನೀ ಒಬ್ಬನ. ಆ ಹೊಸಬ ಟಪಾಲಿನಾಂವ ಬಾಗಲದಾಗ ಒಗದು ಹೋಗ್ಯಾನ. ಅವನ ಸೈಕಲ್ಲಿನ ಕಡ್ಡ್ಯಾಗ ಸಿಕ್ಕು ಹರದಿತ್ತಂತ, ಆಮ್ಯಾಲ ಗೊತ್ತಾತು.

"ಸಾವಿನ ಕಾರ್ಡ ಹೊಸ್ತಿಲ ದಾಟಸಬಾರದು, ಹೊರಗ ಓದಿ ಹರದು ಒಗೀಬೇಕು. ಒಳಗ ಯಾಕ ತಂದಿ?" ಅಂತ ಕೇಳಿದೆ.

"ಹೊರಗಿದ್ರ ಯಾರರ ಓದ್ತಾರ" ಅಂದ್ಲು. "ಓದಿದ್ರ ಅಂವ ಸತ್ತಂಗ. ಓದೂತನಾ ಇರ್ತಾನಲ್ಲ."

ಭೀಮಶ್ಯಾ, ನಿನ್ನ ಕಾಗದ ಅಂತ ನಾ ಓದಿದ್ದೆಲ್ಲಾ ಆಕಿಗೆ ಸುಳ್ಳ ಅನಿಸಿತ್ತು. ಆಕೀನ್ನ ಸಮಾಧಾನ ಮಾಡಾಕ ನಾನ ಕಟ್ಟಿ ಹೇಳಾಕತ್ತೇನಿ ಅಂದ್ಕೊಂಡಿದ್ಲು. ಅದಕ್ಕ ಆ ಬಸ್ಸಿನ ಕಡೆ ಮಾತು ಕೇಳಿದ್ದು. ನೀ ಉತ್ತರಾ ಕೊಡಲಿಲ್ಲ, ಬೈದಿ.

ಬೈದದ್ದು ನಾ ಮರತಿಲ್ಲ. ಬೈಲಿಲ್ಲಂದ್ರ ಕಾರ್ಡ ಇನ್ನೂ ಗಡಿಗ್ಯಾಗ ಇರ್ತಿತ್ತು, ಅದೂ ಖರೆ. ಇದನ್ನ ಹೆಂಗ ತಿಳಕೋಬೇಕೋ ನನಗ ತಿಳೀವಲ್ದು.

ಶುಕ್ರವಾರ ಓದಿದ್ದು, ಸೋಮವಾರ ನಿನ್ನ ತಾರೀಖು. ಟಪಾಲಿಗೆ ಹಾಕಿದ್ರ ಮುಟ್ಟೂದಿಲ್ಲ ಅಂತ ನಾ ಹೊಂಟೆ. ಆಕಿ, "ನಾನೂ ಬರ್ತೇನಿ. ನೋಡಿದ್ರ ನಂಬಿಗಿ" ಅಂತ ಸೀರಿ ಝಾಡಿಸಿ ಎದ್ಲು. ಮುಂದಿಂದು ನಿನಗ ಗೊತ್ತೈತಿ.

ಮಲಿಕಸಾಬ

*

ಮುದ್ದೇಬಿಹಾಳ
28 ಆಗಸ್ಟ್ 1961

ಮಲಿಕ,

ನಿನ್ನ ಕಾಗದ ಬಂತು. ನಾನು ಬೈದು ಬರೆದದ್ದನ್ನು ತಿರುಗಿ ಕೇಳಬೇಕೆನಿಸಿತು, ಹರಿದು ಹಾಕಲಿಕ್ಕೆ. ಕೊಡಬೇಡ. ನಿನ್ನ ಹತ್ತಿರವೇ ಇರಲಿ.

ನೀವು ಬಂದ ದಿನ, ನೀನು ಚಾ ಕುಡಿಯಲು ಹೋದಾಗ ನಡೆದದ್ದು ನಿನಗೆ ಗೊತ್ತಿಲ್ಲ. ನಾನು ಒಬ್ಬ ರೈತನ ಅರ್ಜಿ ಬರೆಯುತ್ತಿದ್ದೆ. ತಲೆ ಎತ್ತಿದರೆ ಅವ್ವ ನಿಂತಿದ್ದಾಳೆ. ಗೋಣಿ, ಮಸಿ ಕುಡಿಕೆ, ಸಾಲಾಗಿ ಕೂತ ಮಂದಿ, ಎಲ್ಲ ನೋಡಿದಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವಳು ಬಗ್ಗಿ ನನ್ನ ತಲೆ, ಕಿವಿ, ಭುಜ, ಮೊಣಕಾಲು ಮುಟ್ಟುತ್ತ ಬಂದಳು, ಸಂತೆಯಲ್ಲಿ ಕರು ಕೊಳ್ಳುವವರ ಹಾಗೆ. ರೈತ ಗಾಬರಿಯಾಗಿ ಎದ್ದ. "ನೀ ಕುಂದ್ರಪಾ, ನಿಂದು ಮುಗಸ್ಕೋ. ನನ್ನ ಕೆಲಸಾ ಆತು" ಎಂದು ನನ್ನ ಪಕ್ಕ ಗೋಣಿ ಮೇಲೆ ಕೂತಳು. ಅವನ ಅರ್ಜಿ ಮುಗಿಯುವ ತನಕ ಕೂತಿದ್ದಳು.

ಸೋಮವಾರ ಹೈಸ್ಕೂಲಿನಲ್ಲಿ ಐದು ಮಂದಿ ಕೂತಿದ್ದರು. ಕಾರ್ಡು ಮೇಜಿನ ಮೇಲೆ ಇಟ್ಟೆ. ಅಧ್ಯಕ್ಷರು ಮುಂದೆ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು. "ಇದೇನ್ರಿ, ಸಾವಿನ ಕಾರ್ಡ ತಂದೀರಿ?" ಇದ್ದದ್ದು ಇದ್ದ ಹಾಗೆ ಹೇಳಿದೆ. ಒಬ್ಬರು ಹೊಟ್ಟೆ ಹಿಡಿದು ನಕ್ಕರು. ತುದಿಗೆ ಕೂತ ಮುದುಕರು ಬಂದಗಿಸಾಬ ಎಂಬುವರು ಮಾತ್ರ ನಗದೆ, "ನಿಮ್ಮ ತಾಯಿ ಈಗರ ಉಂಡಾರಿಲ್ಲೋ?" ಎಂದರು. ಹೊರಗೆ ಕೂತು ಚುರಮರಿ ತಿನ್ನುತ್ತಿದ್ದಾಳೆ ಅಂದೆ.

ಇಲ್ಲಿಯೂ ಓಣಿ ಕೇಳಿದರು. ಹೇಳಿದೆ. ಬಿ.ಟಿ. ಕೇಳಿದರು. ಇಲ್ಲ ಅಂದೆ. "ತಾಳಿಕೋಟಿ ಯುದ್ಧ ಹುಡುಗರಿಗೆ ಹೆಂಗ ಕಲಸ್ತೀರಿ?" ಎಂದರು. "ತಾಳಿಕೋಟಿಗೆ ಕರಕೊಂಡು ಹೋಗಿ, ಯುದ್ಧ ಆದದ್ದು ಈ ಊರಾಗಲ್ಲ ಅಂತ ಹೇಳಿ ಶುರು ಮಾಡ್ತೇನ್ರಿ" ಅಂದೆ. ಅಧ್ಯಕ್ಷರು ಕಾಗದದಲ್ಲಿ ಏನೋ ಗುರುತು ಹಾಕಿಕೊಂಡರು. ಬಿ.ಟಿ. ಆದವರು ಇಬ್ಬರು ಬಂದಿದ್ದರು. ನಮಗೆಲ್ಲ ಟಪಾಲಿನಿಂದ ತಿಳಿಸುತ್ತಾರಂತೆ.

ಮತ್ತೆ ಕಾಯುವುದು. ರಾತ್ರಿ ಪಡಸಾಲೆಯಲ್ಲಿ ಮಲಗಿದರೆ ಆ ಐದು ಮುಖ ಕಣ್ಣೆದುರು ಬರುತ್ತವೆ, ಒಂದರಲ್ಲೂ ಏನೂ ಓದಲಿಕ್ಕೆ ಆಗುವುದಿಲ್ಲ.

ನಿನ್ನವನೇ
ಭೀಮಶ್ಯಾ

*

ಮನಗೂಳಿ
14 ಸೆಪ್ಟೆಂಬರ್ 1961

ಅವ್ವಾ,

ನೌಕರಿ ಆಯಿತು. ಒಂದು ವರ್ಷದ ಮಟ್ಟಿಗೆ. ಬಿ.ಟಿ. ಆದ ಇಬ್ಬರಲ್ಲಿ ಒಬ್ಬನಿಗೆ ಬೇರೆ ಕಡೆ ಸಿಕ್ಕಿತು, ಇನ್ನೊಬ್ಬ ಹಳ್ಳಿ ನೋಡಿ ತಿರುಗಿ ಹೋದ. ಆಮೇಲೆ ನನ್ನನ್ನು ಕರೆದರು. ಇರಲಿಕ್ಕೆ ಮನೆ ಇನ್ನೂ ಯಾರೂ ಕೊಟ್ಟಿಲ್ಲ, ಶಾಲೆಯಲ್ಲೇ ಮಲಗುತ್ತೇನೆ. ಬಸ್ಸಿನ ಕಡೆ ನೀನು ಕಿವಿಯಲ್ಲಿ ಹೇಳಿದ್ದು ನೆನಪಿದೆ. ಬಂದಾಗ ನಿನ್ನ ಕಿವಿಯಲ್ಲೇ ಹೇಳುತ್ತೇನೆ.

ಮಲಿಕ, ಎಲ್ಲವನ್ನೂ ಓದು.

ನಿನ್ನ ಮಗ
ಭೀಮಶ್ಯಾ

*

ಯಂಕಂಚಿ
19 ಸೆಪ್ಟೆಂಬರ್ 1961

ಭೀಮಶ್ಯಾ ಮಾಸ್ತರಗ,

ನೀ ಕಾರ್ಡಿನ ನಾಕೂ ಮೂಲಿಗೆ ಅರಿಷಿಣಾ ಹಚ್ಚಿ ಕಳಿಸಿದ್ದು ಚೊಲೋ ಮಾಡಿದಿ. ಓದೂ ಪ್ರಸಂಗನ ಬರಲಿಲ್ಲ. ಬಸಂತರಾಯ ಊರ ಅಗಸಿ ಬಾಗಲದಾಗ ಇರೂತ್ಲೆ, ಬಾವಿ ಕಡೆಯಿಂದ ಬರೂ ನಿಮ್ಮವ್ವ ಅವನ ಕೈಯಾಗಿನ ಹಳದಿ ಕಂಡ್ಲು. ಕೊಡಾ ಅಲ್ಲೇ ಇಳಿಸಿದ್ಲು. ಕಾರ್ಡ ತೊಗೊಂಡು ಓಣ್ಯಾಗ ಮನಿಮನಿಗೆ ತೋರಿಸಿ ಬಂದ್ಲು. ಒಳಗ ಏನ್ ಬರದೈತಿ ಅಂತ ಯಾರೂ ಕೇಳಲಿಲ್ಲ, ಆಕಿನೂ ಹೇಳಲಿಲ್ಲ.

ಸಂಜಿಕೆ ನನ್ನ ಮುಂದ ಇಟ್ಟು, "ಈಗ ಓದು" ಅಂದ್ಲು. ಓದಿದೆ. ಒಂದು ವರ್ಷ ಅನ್ನೂದನ್ನೂ ಓದಿದೆ, ಮನಿ ಕೊಟ್ಟಿಲ್ಲ ಅನ್ನೂದನ್ನೂ ಓದಿದೆ. ನಾಲಿಗಿ ಕುರ್ಚಿ ಕಡೆ ಹೊಳ್ಳಿತ್ತು, ತಡದು ಹಿಡದೆ.

"ವರ್ಷ ಆದ ಮ್ಯಾಲ?" ಅಂದ್ಲು.

"ಗೊತ್ತಿಲ್ಲ ದೊಡ್ಡವ್ವ" ಅಂದೆ.

"ಹೂಂ. ಈಗ ನಿನ್ನ ಬಾಯಿ ನಂಬಬಹುದು" ಅಂದ್ಲು.

ಮಲಿಕಸಾಬ

*

ಇಷ್ಟು ಓದಿ ಮಲಿಕಸಾಬ ಕಾಗದ ಮಡಚಿದ. ಹೊತ್ತು ಮುಳುಗಿತ್ತು. ಹೊನ್ನವ್ವ ಮೂಗು ಒರೆಸಿಕೊಳ್ಳುತ್ತ, "ಕೈ ಯಾಕ ನಿಂತಾವ? ನಾಳೆ ಲಗೂನ ಬರ್ರಿ" ಎಂದು ಬೈದು ಎದ್ದಳು.

ಮರುದಿನ ಮುಂಜಾನೆ ನಾವು ಹೋಗುವಾಗ ಕಾಶಿಬಾಯಿ ಆಗಲೇ ಕಟ್ಟೆ ಕೆಳಗೆ ನಿಂತಿದ್ದಳು. ಹಿಂದಿನ ದಿನ ಎಲ್ಲರಿಗಿಂತ ಹಿಂದೆ ಕೂತು ಕೇಳಿದವಳು. ಅವಳ ತಮ್ಮ ಸೊಲ್ಲಾಪುರದ ಗಿರಣಿಯಲ್ಲಿದ್ದ. ನಾವು ಕಟ್ಟೆ ಹತ್ತಿ ಶೇಂಗಾಕ್ಕೆ ಕೈ ಹಚ್ಚಿದ ಮೇಲೆ ಅವಳು ಮಲಿಕಸಾಬನ ಮುಂದೆ ಸೆರಗಿನ ಗಂಟು ಬಿಚ್ಚಿ ಒಂದು ಕಾರ್ಡು ಇಟ್ಟಳು. ಹುಲ್ಲಿನ ಚಪ್ಪರದಲ್ಲಿ ಸಿಕ್ಕಿಸಿಟ್ಟಿದ್ದ ಹೊಗೆ ಬಣ್ಣದ ಕಾರ್ಡು. ಅದರ ಒಂದು ಮೂಲೆ ಇರಲಿಲ್ಲ.

"ದೀಪಾವಳಿ ಮುಂದ ಬಂದದ್ದು" ಅಂದಳು. "ಓದಣ್ಣ. ಇದ್ದದ್ದ ಓದು."

ಮಲಿಕಸಾಬ ಕಾರ್ಡು ಮುಟ್ಟದೆ ನಮ್ಮ ಕಡೆ ನೋಡಿದ. ಹೊನ್ನವ್ವ ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿ ಕಾಶಿಬಾಯಿಯ ಹತ್ತಿರ ಹೋಗಿ ಅವಳನ್ನು ಭುಜ ಹಿಡಿದು ಕೂಡಿಸಿದಳು, ತಾನೂ ಒತ್ತಿ ಕೂತಳು. ನಾವು ಒಬ್ಬೊಬ್ಬರಾಗಿ ಕೈಯ ಧೂಳು ಝಾಡಿಸಿ ಕಟ್ಟೆ ಇಳಿದು ಅವಳ ಸುತ್ತ ಕೂತೆವು. ಆಮೇಲೆ ಹೊನ್ನವ್ವ, "ಈಗ ಓದು ಮಲಕ್ಯಾ" ಅಂದಳು.